ಮುಂದಿನ ಬ್ರೇಕ್ ಪ್ಯಾಡ್ ಬದಲಿಸುವಾಗ ಬೋಲ್ಟು ಎಷ್ಟು ಬಿಗಿ ಮಾಡಬೇಕು?

ತೀರ್ಥಹಳ್ಳಿ ಕಡೆಯವ:
ಹಳೇ ಸ್ವಿಫ್ಟ್. ಮುಂದಿನ ಪ್ಯಾಡ್ ಮನೆಯಲ್ಲೇ ಬದಲಿಸ್ಬೇಕು ಅಂತಿದೀನಿ. ಕ್ಯಾಲಿಪರ್ ಬೋಲ್ಟು, ಬ್ರಾಕೆಟ್ ಬೋಲ್ಟು, ವೀಲ್ ನಟ್ಟು ಯಾವುದಕ್ಕೆ ಎಷ್ಟು ಬಿಗಿ? ಪಾನಾಗೆ ಪೈಪ್ ಸಿಕ್ಕಿಸಿ ಎಳೆದರೆ ಆಗಲ್ವಾ? ಆಗುಂಬೆ ಘಾಟಿ ಇಳಿಯೋ ಗಾಡಿ, ಸಡಿಲ ಬಿಡೋಕೆ ಭಯ.

ಗ್ರೀಸ್ ಕೈ:
ಪೈಪ್ ಖಂಡಿತ ಬೇಡ. ನೀವು ಕೇಳಿದ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಬೋಲ್ಟು ಅಂದ್ರೆ ಸ್ಲೈಡ್ ಪಿನ್ ಬೋಲ್ಟು, ಸಣ್ಣದು, ಈ ಗಾತ್ರದ ಕಾರುಗಳಲ್ಲಿ ಸಾಮಾನ್ಯವಾಗಿ 25–35 ನ್ಯೂಟನ್ ಮೀಟರ್ (ಬಿಗಿಯ ಅಳತೆ). ಬ್ರಾಕೆಟ್ (ಕ್ಯಾಲಿಪರ್ ಹಿಡಿದಿರೋ ಚೌಕಟ್ಟು) ಬೋಲ್ಟು 80–110, ವೀಲ್ ನಟ್ಟು 85–100. ನಿಮ್ಮ ಮಾಡೆಲ್, ವರ್ಷದ ಸರ್ವೀಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಬರೀ ಪ್ಯಾಡ್ ಆದ್ರೆ ಬ್ರಾಕೆಟ್ ಮುಟ್ಟೋದೇ ಬೇಡ, ಡಿಸ್ಕ್ ತೆಗೆಯೋದಿದ್ರೆ ಮಾತ್ರ. ಕೆಳಗಿನ ಬೋಲ್ಟು ಬಿಚ್ಚಿ ಕ್ಯಾಲಿಪರ್ ಮೇಲೆತ್ತಿ. ಬಿಗಿ ಮಾಡುವಾಗ ಪಿನ್ನನ್ನು ತೆಳು ಪಾನಾದಲ್ಲಿ ಹಿಡೀರಿ, ಇಲ್ಲಾಂದ್ರೆ ಪಿನ್ ಜೊತೆ ರಬ್ಬರ್ ಬೂಟೂ ತಿರುಚಿಕೊಳ್ಳುತ್ತೆ.

ವೀಲ್ ನಟ್ಟಿನ ಅಂಕಿ ಒಣ, ಶುಚಿ ಥ್ರೆಡ್ಡಿಗೆ. ನಮ್ಮ ಮಳೆಗೆ ತುಕ್ಕು ಹಿಡಿದಿರುತ್ತೆ, ಎಣ್ಣೆ ಬಿಡೋಣ ಅನಿಸುತ್ತೆ. ಎಣ್ಣೆ ಬಿದ್ದರೆ ಅದೇ ಟಾರ್ಕಿಗೆ (ತಿರುಗಿಸೋ ಬಲಕ್ಕೆ) ಸ್ಟಡ್, ಅಂದ್ರೆ ನಟ್ಟು ಕೂರೋ ಕಂಬಿ, ಹೆಚ್ಚು ಹಿಗ್ಗುತ್ತೆ. ವೈರ್ ಬ್ರಷ್ ಸಾಕು.

ಕೊಪ್ಪ ರಸ್ತೆ:
ವೀಲ್ ನಟ್ಟಿನಲ್ಲೇ ಹೆಚ್ಚು ಜನ ಎಡವೋದು. ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಡಿಸ್ಕ್ ಕೂರುವ ಜಾಗದ ತುಕ್ಕು ಪೂರ್ತಿ ಉಜ್ಜಿ. ನಾಲ್ಕೂ ನಟ್ಟು ಕೈಯಲ್ಲಿ ಕೂರಿಸಿ, ಎದುರು-ಬದುರು ಅರ್ಧ ಬಿಗಿ. ಟೈರು ನೆಲ ತಾಗುವಷ್ಟು ಜಾಕ್ ಇಳಿಸಿ ಪೂರ್ತಿ ಬಿಗಿ, ಮತ್ತೆ ಎದುರು-ಬದುರೇ. ಟಾರ್ಕ್ ರೆಂಚಿನ (ಬಿಗಿ ಅಳೆಯುವ ಪಾನಾ) ಕ್ಲಿಕ್ ಒಂದೇ ಸಲ. ಕ್ಲಿಕ್ ಆದ ಮೇಲೂ ಎಳೆದರೆ ಅಳತೆ ಹೋಯ್ತು. ಒಂದು ಕಡೆ ಜಾಸ್ತಿ ಬಿಗಿಯಾದರೆ ಡಿಸ್ಕ್ ಓರೆಯಾಗಿ ತಿರುಗಿ, ಕೆಲವು ಸಾವಿರ ಕಿಲೋಮೀಟರಲ್ಲಿ ಅದರ ದಪ್ಪದಲ್ಲಿ ಏರುಪೇರಾಗುತ್ತೆ. ಆಮೇಲೆ ಘಾಟಿ ಇಳಿಯುವಾಗ ಪೆಡಲ್ ಕುಣಿಯುತ್ತೆ, ಜನ "ಡಿಸ್ಕ್ ಬೆಂಡು" ಅಂತಾರೆ.

ತೀರ್ಥಹಳ್ಳಿ ಕಡೆಯವ:
ಟಾರ್ಕ್ ರೆಂಚ್ ಇಲ್ದೇ ಇದ್ರೆ?

ಗ್ರೀಸ್ ಕೈ:
ಒಂದಡಿ ಪಾನಾದ ತುದಿಗೆ 30 ಕೆಜಿ ಭಾರ ಬಿದ್ದರೆ ಸುಮಾರು 90 ನ್ಯೂಟನ್ ಮೀಟರ್. 70 ಕೆಜಿ ಆಳು ಅದರ ಮೇಲೆ ನಿಂತರೆ 210! ಆದ್ರೂ ಸ್ಲೈಡ್ ಪಿನ್ನಿಗೆ ಅಂದಾಜು ನಂಬಬೇಡಿ, 3/8 ಇಂಚಿನ ಸಣ್ಣ ರೆಂಚ್ ಯಾರಿಂದಾದ್ರೂ ಇಸ್ಕೊಳ್ಳಿ. 40ರಿಂದ ಶುರುವಾಗೋ ದೊಡ್ಡದು 25ಕ್ಕೆ ಉಪಯೋಗಕ್ಕಿಲ್ಲ. ಬಿಚ್ಚೋಕೆ ಟಾರ್ಕ್ ರೆಂಚ್ ಬಳಸಬೇಡಿ, ಕೆಲಸ ಮುಗಿದ ಮೇಲೆ ಕನಿಷ್ಠ ಅಂಕಿಗೆ ಇಳಿಸಿಡಿ.

ಕೊಪ್ಪ ರಸ್ತೆ:
ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸ್ ಮಾತ್ರ, ಮಾಮೂಲಿ ಗ್ರೀಸಿಗೆ ರಬ್ಬರ್ ಉಬ್ಬುತ್ತೆ. ಗಾಡಿ ಕದಲಿಸೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ; ಮೊದಲ ಒತ್ತಿಗೆ ಅದು ನೆಲಕ್ಕೇ ಹೋಗುತ್ತೆ. 100 ಕಿಲೋಮೀಟರ್ ಆದ ಮೇಲೆ ವೀಲ್ ನಟ್ಟು ಇನ್ನೊಂದು ಸಲ ನೋಡಿ, ಟೈರ್ ತಣ್ಣಗಿರುವಾಗ.