ಹಳೆಯ ವ್ಯಾನ್: ಎಂಜಿನ್ ಬಿಸಿಯಾದ ಮೇಲೆ ಎಸಿ ಕ್ಲಚ್ ಕೈಕೊಡುತ್ತಿದೆ

ಪ್ರಶ್ನೆ:
ಇಪ್ಪತ್ತು ವರ್ಷ ದಾಟಿದ ಡೀಸೆಲ್ ವ್ಯಾನ್. ಹೊರಟ ಅರ್ಧ ಗಂಟೆ ಎಸಿ ಚೆನ್ನಾಗಿಯೇ ತಂಪು ಕೊಡುತ್ತದೆ. ಆಮೇಲೆ ಬ್ಲೋವರ್ ಬೀಸುತ್ತಲೇ ಇದ್ದರೂ ಬರುವುದು ಬರೀ ಬಿಸಿಗಾಳಿ. ಬಾನೆಟ್ ತೆರೆದರೆ ಕಂಪ್ರೆಸರಿನ ಪುಲ್ಲಿ ತಿರುಗುತ್ತಿರುತ್ತದೆ, ಅದರ ಮುಂದಿನ ತಟ್ಟೆ (ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸುವ ಕ್ಲಚ್‌ನದು) ಮಾತ್ರ ನಿಂತಿರುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ಗ್ಯಾರೇಜಿನವರು ಗ್ಯಾಸ್ ತುಂಬಿದರು, ಪ್ರಯೋಜನವಾಗಲಿಲ್ಲ. ಫ್ಯೂಸ್ ಸರಿಯಿದೆ. ಕೆಟ್ಟಿರುವ ಹೊತ್ತಿನಲ್ಲೇ ಕ್ಲಚ್‌ನ ಪ್ಲಗ್ ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್‌ಗೂ ಹೆಚ್ಚು ತೋರಿಸುತ್ತದೆ. ಇನ್ನು ಕಂಪ್ರೆಸರನ್ನೇ ಬದಲಿಸಬೇಕೇ?

ಉತ್ತರ:
ಸದ್ಯಕ್ಕೆ ಕಂಪ್ರೆಸರಿನ ತಂಟೆಗೆ ಹೋಗಬೇಡಿ. ಗ್ಯಾಸ್ ತೀರಾ ಕಡಿಮೆಯಿದ್ದರೆ ಪ್ರೆಶರ್ ಸ್ವಿಚ್ ತೆರೆದುಕೊಂಡು ಕ್ಲಚ್‌ಗೆ ವಿದ್ಯುತ್ತೇ ಬರುತ್ತಿರಲಿಲ್ಲ. ನಿಮ್ಮಲ್ಲಿ ಬರುತ್ತಿದೆ. ಎಷ್ಟು ಬಲವಾಗಿ ಬರುತ್ತಿದೆ ಎಂಬುದೇ ಪ್ರಶ್ನೆ. ಪ್ಲಗ್ ಬಿಚ್ಚಿ ಅಳೆದ ಅಂಕಿಯನ್ನು ನಾನು ನಂಬುವುದಿಲ್ಲ. ನಲ್ಲಿ ಮುಚ್ಚಿದ್ದಾಗ ಕಟ್ಟಿಕೊಂಡ ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತದೆ, ತೆರೆದಾಗಲೇ ಬಣ್ಣ ಬಯಲಾಗುವುದು. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು, ಕ್ಲಚ್ ಕಾಯಿಲ್ (ಅಯಸ್ಕಾಂತವಾಗಿ ತಟ್ಟೆಯನ್ನು ಪುಲ್ಲಿಗೆ ಎಳೆದು ಹಿಡಿಯುವ ತಾಮ್ರದ ಸುರುಳಿ) ಎಳೆಯುವುದು ಸುಮಾರು 3–4 ಆಂಪಿಯರ್.

ಕೆಟ್ಟಿರುವ ಹೊತ್ತಿನಲ್ಲೇ, ಪ್ಲಗ್ ಹಾಕಿದ ಸ್ಥಿತಿಯಲ್ಲಿ, ಹಿಂಬದಿಯಿಂದ ಸೂಜಿ ತೂರಿಸಿ ಅಳೆಯಿರಿ. ಎಂಜಿನ್ ಓಡುತ್ತಿರುತ್ತದೆ, ಬೆಲ್ಟಿನಿಂದ ಕೈ ಮತ್ತು ಮೀಟರಿನ ವೈರುಗಳು ದೂರವಿರಲಿ. ಬ್ಯಾಟರಿಯ ವೋಲ್ಟೇಜನ್ನೂ ಬರೆದುಕೊಳ್ಳಿ. ಆಮೇಲೆ ಎಂಜಿನ್ ನಿಲ್ಲಿಸಿ, ಕಾಯಿಲ್ ಇನ್ನೂ ಬಿಸಿಯಿರುವಾಗಲೇ ಅದರ ಓಮ್ ನೋಡಿ. ತಣ್ಣಗಿದ್ದಾಗ 3ರಿಂದ 4 ಓಮ್ ಇರುವುದು ಸಾಮಾನ್ಯ. ತಾಮ್ರ ಬಿಸಿಯಾದಂತೆ ರೋಧ ಏರುತ್ತದೆ, 80 ಡಿಗ್ರಿ ಏರಿದರೆ ಮೂರರಲ್ಲೊಂದು ಪಾಲಿನಷ್ಟು. ಕಾಯಿಲ್ ಎಳೆತ ಹಾಗೆಯೇ ಕುಗ್ಗುವ ಹೊತ್ತಿಗೆ ವೋಲ್ಟೇಜೂ ಕೈಕೊಟ್ಟರೆ ತಟ್ಟೆ ಬಿಟ್ಟುಕೊಳ್ಳುತ್ತದೆ. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಕೆಡುವುದು ಇದಕ್ಕೇ.

ಪ್ರಶ್ನೆ ಕೇಳಿದವರು:
ಬ್ಯಾಟರಿಯಲ್ಲಿ 14.1 ವೋಲ್ಟ್. ಕ್ಲಚ್‌ನ ವೈರಿನಿಂದ ಕಂಪ್ರೆಸರ್ ಮೈಗೆ 9.8. ಬಿಸಿ ಕಾಯಿಲ್ 4.5 ಓಮ್.

ಉತ್ತರ:
ಕಾಯಿಲ್ ಸರಿಯಾಗಿಯೇ ಇದೆ. ದಾರಿಯಲ್ಲಿ 4.3 ವೋಲ್ಟ್ ಸೋರಿಹೋಗುತ್ತಿದೆ, ಅರ್ಧ ವೋಲ್ಟ್‌ಗಿಂತ ಹೆಚ್ಚು ಇರಬಾರದು. ಈಗ ಮೀಟರಿನ ಒಂದು ಮುಳ್ಳನ್ನು ಕಂಪ್ರೆಸರ್ ಮೈಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೂ ಹಿಡಿಯಿರಿ. ಅಲ್ಲಿ ದೊಡ್ಡ ಅಂಕಿ ಬಂದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ ಎಂದರ್ಥ. ಬಾರದಿದ್ದರೆ ಎಸಿ ರಿಲೇಯ (ಕ್ಲಚ್‌ಗೆ ಹೋಗುವ ಕರೆಂಟನ್ನು ಆನ್-ಆಫ್ ಮಾಡುವ ವಿದ್ಯುತ್ ಸ್ವಿಚ್‌ನ) 30 ಮತ್ತು 87ನೇ ಪಿನ್‌ಗಳ, ಅಂದರೆ ಕರೆಂಟ್ ಒಳಬರುವ ಮತ್ತು ಹೊರಹೋಗುವ ಕಾಲುಗಳ ನಡುವೆ, ರಿಲೇ ತನ್ನ ಜಾಗದಲ್ಲೇ ಕೆಲಸ ಮಾಡುತ್ತಿರುವಾಗ ಅಳೆಯಿರಿ.

ಪ್ರಶ್ನೆ ಕೇಳಿದವರು:
ಅರ್ಥ್ ಕಡೆ 0.2. ರಿಲೇಯಲ್ಲಿ 3.6! ರಿಲೇ ಕಿತ್ತು ನೋಡಿದೆ: 87ನೇ ಪಿನ್ ನೀಲಿಗಟ್ಟಿದೆ, ಸಾಕೆಟಿನಲ್ಲಿ ಅದೇ ಜಾಗದ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸೊಟ್ಟಗಾಗಿದೆ.

ಉತ್ತರ:
ಕಳ್ಳ ಸಿಕ್ಕಿದ. 2 ಆಂಪಿಯರ್ ಹರಿಯುವಾಗ 3.6 ವೋಲ್ಟ್ ಅಲ್ಲೇ ಉಳಿದರೆ 7 ವ್ಯಾಟ್‌ನಷ್ಟು ಶಾಖ ಆ ಪುಟ್ಟ ಪಿನ್ನಿನಲ್ಲಿ ಕೂರುತ್ತದೆ, ಪ್ಲಾಸ್ಟಿಕ್ ಸುಡದೆ ಇನ್ನೇನಾದೀತು. ಹೊಸ ರಿಲೇ ಮಾತ್ರ ಸಿಕ್ಕಿಸಿದರೆ ಸಾಲದು: ಸಾಕೆಟಿನ ಒಳಗಿನ ತಗಡು ಕಾವಿಗೆ ಮೆದುವಾಗಿ ಬಿಗಿ ಕಳೆದುಕೊಂಡಿರುತ್ತದೆ, ಹೊಸದನ್ನೂ ಸುಡುತ್ತದೆ. ಬ್ಯಾಟರಿ ಕಳಚಿ, ಆ ಟರ್ಮಿನಲ್ ಕತ್ತರಿಸಿ, ವೈರಿನ ತಾಮ್ರ ಕಪ್ಪಾಗಿರುವಷ್ಟು ಉದ್ದ ತೆಗೆದು ಹೊಸದನ್ನು ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಮಾಡಿ. ಸಾಧ್ಯವಾದರೆ ಸಾಕೆಟನ್ನೇ ಬದಲಿಸಿ. ಯಾರಾದರೂ ದೊಡ್ಡ ಫ್ಯೂಸ್ ಹಾಕಿ ನೋಡಿ ಎಂದರೆ ಕಿವಿಗೊಡಬೇಡಿ, ಇಲ್ಲಿನ ತೊಂದರೆ ಕರೆಂಟ್ ಹೆಚ್ಚಾದದ್ದಲ್ಲ.

ಕೈ ಹಾಕಿದ್ದೀರಿ, ತಟ್ಟೆ ಮತ್ತು ಪುಲ್ಲಿಯ ನಡುವಿನ ಸಂದನ್ನೂ ಫೀಲರ್ ಗೇಜಿನಿಂದ ನೋಡಿಬಿಡಿ. ಅರ್ಧ ಮಿಲಿಮೀಟರಿನ ಆಸುಪಾಸು ಇದ್ದರೆ ಸಾಕು. ಸವೆದು 1 ಮಿಲಿಮೀಟರಿನತ್ತ ಹೋಗಿದ್ದರೆ ನಡುವಿನ ಬೋಲ್ಟ್ ಬಿಚ್ಚಿ ಒಂದು ತೆಳು ಶಿಮ್ (ಸಂದು ಹೊಂದಿಸುವ ಬಿಲ್ಲೆ) ತೆಗೆಯಬೇಕು. ಗ್ಯಾಸಿನ ಕೊಳವೆಗಳನ್ನು ಮುಟ್ಟುವ ಅಗತ್ಯ ಇದಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಟರ್ಮಿನಲ್, ರಿಲೇ ಎರಡೂ ಬದಲಾದವು. ಬಿಸಿಯಲ್ಲೂ ಕ್ಲಚ್‌ನಲ್ಲಿ 13.6 ವೋಲ್ಟ್, ತಟ್ಟೆ ಬಿಡುತ್ತಿಲ್ಲ. ಸಂದು 0.6 ಇತ್ತು, ಹಾಗೇ ಬಿಟ್ಟೆ. ಇನ್ನೊಂದು ವಿಷಯ, ಬ್ಲೋವರ್ ನಾಲ್ಕನೆಯ ವೇಗದಲ್ಲಿ ಮಾತ್ರ ತಿರುಗುತ್ತದೆ. ಇದೂ ರಿಲೇಯೇ?

ಉತ್ತರ:
ಅಲ್ಲ, ಬ್ಲೋವರ್ ರೆಸಿಸ್ಟರ್, ಕಡಿಮೆ ವೇಗಗಳಿಗಾಗಿ ಕರೆಂಟನ್ನು ತಗ್ಗಿಸುವ ಭಾಗ. ಪೂರ್ಣ ವೇಗದಲ್ಲಿ ಕರೆಂಟ್ ಅದನ್ನು ಬಳಸದೆ ನೇರ ಹೋಗುತ್ತದೆ, ಅದಕ್ಕೇ ನಾಲ್ಕನೆಯದೊಂದು ಬದುಕಿದೆ. ಗಾಳಿ ಹಾಯುವ ಪೆಟ್ಟಿಗೆಯಲ್ಲಿ ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ. ಹೊಸದನ್ನು ಹಾಕುವ ಮೊದಲು ಅದರ ಪ್ಲಗ್ಗನ್ನೂ ನೋಡಿ, ಅಲ್ಲೂ ಕಂದು ಕಲೆ ಕಾಣಿಸೀತು.