ಕೂತಲ್ಲೇ ಒಂದೂಕಾಲು ಕಿಲೋಮೀಟರ್

ರಾಯರು ಬ್ಯಾಂಕಿನಿಂದ ನಿವೃತ್ತರಾದ ತಿಂಗಳೇ ಅಂಗೈಯಲ್ಲಿ ಕೂರುವಂಥ ಒಂದು ಜಿಪಿಎಸ್ ಯಂತ್ರ ಕೊಂಡರು. ಬೆಲೆ 20 ಸಾವಿರದ ಮೇಲೆ ಚಿಲ್ಲರೆ. ಆ ಚಿಲ್ಲರೆ ಎಷ್ಟೆಂದು ಅವರು ಮನೆಯಲ್ಲೇ ಹೇಳಿಲ್ಲವಾದ್ದರಿಂದ ನಾನೂ ಇಲ್ಲಿ ಹೇಳುವುದಿಲ್ಲ. ಭಾನುವಾರ ಕೊಪ್ಪದ ಹತ್ತಿರದ ಗೌಡರ ಮನೆಯಲ್ಲಿ ಅದರ ಪರೀಕ್ಷೆ ಎಂದು ಗೊತ್ತಾಯಿತು. ಪರೀಕ್ಷಕರು ಗೌಡರು, ಮೇಷ್ಟರು ಮತ್ತು ನಾನು.

“ಮೊಬೈಲಿನಲ್ಲೇ ಇದೆಯಲ್ಲ ಮಾರಾಯರೇ, ಇದೇಕೆ?” ಎಂದರು ಗೌಡರು.

“ಕಾಡಿನಲ್ಲಿ ಮೊಬೈಲ್ ಸತ್ತುಹೋಗುತ್ತದೆ.”

“ಸಾಯುವುದು ಮೊಬೈಲಿನ ನೆಟ್‌ವರ್ಕ್, ಜಿಪಿಎಸ್ ಅಲ್ಲ” ಎಂದು ಮೇಷ್ಟರು ತಿದ್ದಿದರು. ವಿಜ್ಞಾನದ ಮೇಷ್ಟರು, ನಿವೃತ್ತಿಯಾಗಿ ಎಂಟು ವರ್ಷವಾದರೂ ಕೆಂಪು ಶಾಯಿ ಆರಿಲ್ಲ. “20 ಸಾವಿರ ಕಿಲೋಮೀಟರ್ ಮೇಲಿನಿಂದ ಬರುವ ಸಂಕೇತಕ್ಕೆ ಟವರ್ ಯಾಕೆ ಬೇಕು? ನಾಲ್ಕು ಉಪಗ್ರಹ ಸಿಕ್ಕಿದರೆ ಸಾಕು. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಮೊಬೈಲೂ ದಾರಿ ತೋರಿಸುತ್ತದೆ.”

“20 ಸಾವಿರ ಕಿಲೋಮೀಟರಿಗೆ 20 ಸಾವಿರ ರೂಪಾಯಿ. ಆಟೋಗಿಂತ ಅಗ್ಗವೇ ಆಯಿತು” ಎಂದೆ. ರಾಯರು ನಗಲಿಲ್ಲ.

ಅವರ ವಾದದಲ್ಲೂ ಹುರುಳಿತ್ತು. ಆಗುಂಬೆಯ ಮಳೆಯಲ್ಲಿ ಮೊಬೈಲಿನ ಗಾಜು ಹನಿ ಬಿದ್ದಾಗಲೆಲ್ಲ ತನ್ನನ್ನು ತಾನೇ ಒತ್ತಿಕೊಂಡು ಯಾರಿಗೋ ಕರೆ ಮಾಡುತ್ತದೆ. ಇದಕ್ಕೆ ಗುಂಡಿಗಳಿವೆ, ಒಂದು ಕೈಯಲ್ಲಿ ರಕ್ತ ಹೀರುವ ಉಂಬಳ ಕಿತ್ತುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಒತ್ತಬಹುದು. ಉರಿಬಿಸಿಲಿನಲ್ಲೂ ಪರದೆ ಕಾಣುತ್ತದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಇಡೀ ದಿನ ನಡೆಯುತ್ತದೆ, ಮುಗಿದರೆ ಗೂಡಂಗಡಿಯಲ್ಲಿ ಇನ್ನೆರಡು ಕೊಳ್ಳಬಹುದು. “ಮೇಲಾಗಿ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಏನೂ ಆಗುವುದಿಲ್ಲವಂತೆ” ಎಂದು ರಾಯರು ಬಾಯಿ ಮುಚ್ಚುವುದರೊಳಗೆ ಗೌಡರು ಯಂತ್ರವನ್ನು ಎತ್ತಿ ಪಕ್ಕದ ಕೊಡಪಾನಕ್ಕೆ ಬಿಟ್ಟರು.

ಮುಂದಿನ ಅರ್ಧ ಗಂಟೆ ರಾಯರು ಕೊಡಪಾನದ ಬಾಯಿಯನ್ನೇ ನೋಡುತ್ತಾ ನಿಂತಿದ್ದರು. ಮಕ್ಕಳ ಎಸೆಸೆಲ್ಸಿ ಫಲಿತಾಂಶದ ದಿನವೂ ಅವರು ಅಷ್ಟು ಬೆವತಿರಲಿಕ್ಕಿಲ್ಲ. ಎತ್ತಿದಾಗ ಜೀವ ಇತ್ತು. ಮೇಷ್ಟರು ಸೆಲ್ಲಿನ ಮುಚ್ಚಳ ತೆಗೆದು, ಅಂಚಿನ ರಬ್ಬರಿನ ಮೇಲೆ ಉಗುರು ಆಡಿಸಿ, “ಇಲ್ಲಿ ಒಂದು ಅಡಕೆ ಸಿಪ್ಪೆಯ ನಾರು ಸಿಕ್ಕಿಕೊಂಡಿದ್ದರೆ ಕಥೆ ಮುಗಿದಿತ್ತು” ಎಂದರು. ರಾಯರು ಅಲ್ಲೇ ಕೂತುಬಿಟ್ಟರು.

ಆಮೇಲೆ ಕಾನಿಗೆ, ಅಂದರೆ ದಟ್ಟ ಕಾಡಿಗೆ, ಹೊರಟೆವು. ತಪ್ಪು ಎಷ್ಟಿರಬಹುದು ಎಂಬುದನ್ನೂ ಯಂತ್ರವೇ ಹೇಳುತ್ತದೆ: ಅಂಗಳದಲ್ಲಿ 4 ಮೀಟರ್, ಅಡಕೆ ತೋಟದಲ್ಲಿ 9, ಕಾನಿನ ಒಳಗೆ 18. ಒದ್ದೆ ಎಲೆಗಳ ಚಪ್ಪರ ಸಂಕೇತವನ್ನು ಅರ್ಧ ನುಂಗುತ್ತದೆ, ಉಳಿದದ್ದು ಗುಡ್ಡಕ್ಕೆ ಬಡಿದು ಸುತ್ತಿಬಳಸಿ ಬರುತ್ತದೆ.

“18 ಮೀಟರ್ ಎಂದರೆ ಬೇಲಿಯಿಂದ ಆಚೆ! ಇದನ್ನು ಸರ್ವೆಯವರಿಗೆ ಮಾತ್ರ ತೋರಿಸಬೇಡಿ, ನನ್ನ ತೋಟ ಪಕ್ಕದವರ ಪಾಲಾಗುತ್ತದೆ” ಎಂದರು ಗೌಡರು.

“ಇದು ಎಷ್ಟೋ ವಾಸಿ. 2000ದ ಮೇ ತಿಂಗಳವರೆಗೆ ನಮ್ಮಂಥವರಿಗೆ ಸಿಗುವ ಸಂಕೇತದಲ್ಲಿ ಅಮೆರಿಕದವರು ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ನೂರು ಮೀಟರ್ ಆಚೀಚೆ ಆಗುತ್ತಿತ್ತು” ಎಂದರು ಮೇಷ್ಟರು.

“ನಮ್ಮ ಡೇರಿಗೆ ಬರುವ ಹಾಲಿನ ಹಾಗೆ” ಎಂದರು ಗೌಡರು.

ದಾರಿ ಕವಲೊಡೆದ ಕಡೆ ರಾಯರು ನಿಂತರು. ಪರದೆಯ ಮೇಲಿನ ಬಾಣ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕೊನೆಗೆ ಗೌಡರ ಹೊಟ್ಟೆಯ ಕಡೆ ತೋರಿಸಿತು. ಈ ಮಾದರಿಯಲ್ಲಿ ದಿಕ್ಸೂಚಿ ಇಲ್ಲ. ನಾವು ಎಲ್ಲಿದ್ದೇವೆ ಎಂಬುದು ಅದಕ್ಕೆ ಗೊತ್ತು, ಯಾವ ಕಡೆ ಮುಖ ಮಾಡಿದ್ದೇವೆ ಎಂಬುದು ನಾಲ್ಕು ಹೆಜ್ಜೆ ಹಾಕಿದ ಮೇಲಷ್ಟೇ ಗೊತ್ತು.

“ಅಂದರೆ ಯಾವ ಕಡೆ ಹೋಗಬೇಕೆಂದು ತಿಳಿಯಲು ಮೊದಲು ಯಾವುದಾದರೂ ಒಂದು ಕಡೆ ಹೋಗಬೇಕು?” ಎಂದೆ.

“ಹೌದು” ಎಂದರು ರಾಯರು, ಇದರಲ್ಲೇನು ವಿಶೇಷ ಎಂಬಂತೆ.

ಗೌಡರಿಗೆ ಕಾನಿನ ಪ್ರತಿ ಮರವೂ ಪರಿಚಿತ. ಆದರೆ ಪರೀಕ್ಷೆಯಲ್ಲಿ ಹೇಳಿಕೊಡಬಾರದೆಂದು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಸುಮ್ಮನೆ ಬಂದರು. ಮರಳುವಾಗ ಬಾಣ ಮನೆಯ ಕಡೆಗೆ ನೇರ 240 ಮೀಟರ್ ಎಂದಿತು. ನಡುವೆ ಇಪ್ಪತ್ತಡಿಯ ಕಡಿದಾದ ಧರೆ, ಅದರ ಕೆಳಗೆ ಹಳ್ಳ. ಕಾಗೆಗೆ ಹೇಳಬೇಕಾದ ದಾರಿಯನ್ನು ರಾಯರಿಗೆ ಹೇಳಿದರೆ ಏನಾಗಬೇಕೋ ಅದೇ ಆಯಿತು. ಮೊಣಕಾಲಿನವರೆಗೆ ಕೆಸರು, ಒಂದು ಚಪ್ಪಲಿ ನಾಪತ್ತೆ.

ಆಗ ಮೇಷ್ಟರಿಗೆ ಹೊಳೆಯಿತು: ಬಂದ ಹಾದಿಯನ್ನು ಯಂತ್ರ ಗೆರೆಯಾಗಿ ಬರೆದಿಟ್ಟಿರುತ್ತದೆ, ಅದನ್ನೇ ಹಿಡಿದು ಹಿಂದಕ್ಕೆ ನಡೆದರಾಯಿತು. ನನ್ನನ್ನು ಕೇಳಿದರೆ, ಕೊಟ್ಟ ದುಡ್ಡೆಲ್ಲ ಈ ಒಂದು ಗೆರೆಗೇ ಸಲ್ಲಬೇಕು. ಚಾಚೂ ತಪ್ಪದೆ ನಡೆದೆವು. ಹೋಗುವಾಗ ರಾಯರು ಜಲಬಾಧೆಗೆಂದು ಯಂತ್ರದ ಸಮೇತ ದೂರದ ಒಂದು ಹಲಸಿನ ಮರದ ಮರೆಗೆ ಹೋಗಿದ್ದೂ ಗೆರೆಯಲ್ಲಿ ಸೇರಿತ್ತು. ಬರುವಾಗ ನಾಲ್ವರೂ ಸಾಲಾಗಿ ಆ ಮರ ಸುತ್ತಿಕೊಂಡು ಬಂದೆವು.

ಕಡುಬು ತಿಂದು ಜಗಲಿಯಲ್ಲಿ ಒಂದು ನಿದ್ದೆ ತೆಗೆದು ಎದ್ದಾಗ ಸಂಜೆ ಐದು. ಯಂತ್ರವನ್ನು ಆರಿಸುವುದು ಯಾರಿಗೂ ನೆನಪಿರಲಿಲ್ಲ. ಹೆಂಚಿನ ಮಾಡಿನ ಕೆಳಗೆ ಕೂತಲ್ಲೇ ಅದು ಆಚೆ ಐದು ಮೀಟರ್, ಈಚೆ ಆರು ಮೀಟರ್ ಎಂದು ತಾನಿರುವ ಜಾಗವನ್ನು ಊಹಿಸುತ್ತಾ, ಎಲ್ಲವನ್ನೂ ನಡಿಗೆಯ ಲೆಕ್ಕಕ್ಕೆ ಬರೆದುಕೊಂಡಿತ್ತು. ಊಟಕ್ಕೆ ಕೂತ ಮೇಲೆ ನಾವು ನಡೆದದ್ದು 1.25 ಕಿಲೋಮೀಟರ್!

“ಕೆಟ್ಟ ಯಂತ್ರ” ಎಂದರು ಮೇಷ್ಟರು.

ರಾಯರು ಮಾತ್ರ ಪರದೆಯನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದರು. ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಕಿಲೋಮೀಟರ್ ನಡೆಯಿರಿ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿದೆ.

ಈಗ ಅದು ಅವರ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿದೆ. ಹೊಸ ಸೆಲ್ ಹಾಕಿದ್ದಾರೆ.