ಶಾಲೆಯಲ್ಲಿ ಮಾಸ್ಕ್ ಐಚ್ಛಿಕವಾಗುತ್ತಿದೆ, ಮನೆಯಲ್ಲಿ ಮಾವನವರಿದ್ದಾರೆ: ನೀವು ಏನು ಮಾಡಿದಿರಿ?

ಪ್ರಶ್ನೆ: ಎಡಿಸನ್, ನ್ಯೂಜೆರ್ಸಿ, 2022ರ ಮಾರ್ಚ್ 3

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. 2020ರ ಸೆಪ್ಟೆಂಬರಿನಲ್ಲಿ ಇಲ್ಲಿಯ ಸರ್ಕಾರಿ ಶಾಲೆ ಆನ್‌ಲೈನ್ ಪಾಠವನ್ನೇ ಮುಂದುವರಿಸಿದಾಗ, ತರಗತಿಗಳನ್ನು ತೆರೆದಿದ್ದ ಹತ್ತಿರದ ಕ್ಯಾಥೊಲಿಕ್ ಶಾಲೆಗೆ ಮಗಳನ್ನು ಸೇರಿಸಿದೆವು; ನಾವು ಕ್ರೈಸ್ತರಲ್ಲದಿದ್ದರೂ ಅವರು ಅವಳನ್ನು ಪ್ರೀತಿಯಿಂದ ನೋಡಿಕೊಂಡಿದ್ದಾರೆ. ಈಗ ಅವಳು ಎರಡನೇ ತರಗತಿಯಲ್ಲಿದ್ದಾಳೆ. ಗವರ್ನರ್ ಫಿಲ್ ಮರ್ಫಿಯವರು ಹೇಳಿರುವಂತೆ ಬರುವ ಸೋಮವಾರ, ಅಂದರೆ ಮಾರ್ಚ್ 7ರಿಂದ, ಶಾಲೆಗಳಲ್ಲಿ ಮಾಸ್ಕ್ ಕಡ್ಡಾಯವಲ್ಲ. ಇನ್ನು ಮುಂದೆ ಅದು ಪೋಷಕರ ಇಚ್ಛೆಗೆ ಬಿಟ್ಟದ್ದು ಎಂದು ನಮ್ಮ ಶಾಲೆಯೂ ಪತ್ರ ಕಳಿಸಿದೆ.

ಮಗಳಿಗೆ ಎರಡು ಡೋಸ್ ಕೋವಿಡ್ ಲಸಿಕೆಯಾಗಿದೆ. ಆದರೆ ಅಮೆರಿಕ ನವೆಂಬರಿನಲ್ಲಿ ಪ್ರಯಾಣದ ನಿರ್ಬಂಧ ಸಡಿಲಿಸಿದ ಮೇಲೆ ಊರಿನಿಂದ ಬಂದ ಮಾವನವರು ನಮ್ಮ ಜೊತೆಗಿದ್ದಾರೆ. ಅವರಿಗೆ 74 ವರ್ಷ, ಶ್ವಾಸಕೋಶದ ತೊಂದರೆ ಹಳೆಯದು. ಅವಳು ಮಾಸ್ಕ್ ತೆಗೆಯದಿರಲಿ ಎಂಬುದು ನಮ್ಮ ಆಸೆ. ನಿನ್ನೆ ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ಕ್ರೈಸ್ತರ ತಪಸ್ಸುಕಾಲದ ಮೊದಲ ದಿನ. ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಮನೆಗೆ ಬಂದವಳು, "ಅಮ್ಮಾ, ಸೋಮವಾರ ನಾನೊಬ್ಬಳೇ ಮಾಸ್ಕ್ ಹಾಕಿಕೊಂಡಿದ್ದರೆ ಯಾರೂ ನನ್ನ ಪಕ್ಕ ಕೂರುವುದಿಲ್ಲವಂತೆ" ಎಂದಳು. ಇದನ್ನು ಈಗಾಗಲೇ ದಾಟಿದವರು ನಿಮ್ಮ ಅನುಭವ ಹೇಳಿ.

ಉತ್ತರ: ಶಿಕಾಗೊದ ಹೊರವಲಯದಿಂದ ಒಬ್ಬ ತಾಯಿ

ತಂಗಿ, ನಿಮಗಿಂತ ಮೂರು ವಾರ ಮೊದಲು ನಾವು ಇದೇ ಹೊಸ್ತಿಲಲ್ಲಿ ನಿಂತಿದ್ದೆವು. ನಮ್ಮ ಇಲಿನಾಯ್ ರಾಜ್ಯದಲ್ಲಿ ಗವರ್ನರ್ ಪ್ರಿಟ್ಜ್‌ಕರ್ ಅವರ 2021ರ ಆಗಸ್ಟಿನ ಮಾಸ್ಕ್ ಆದೇಶ ಖಾಸಗಿ ಶಾಲೆಗಳಿಗೂ ಅನ್ವಯಿಸಿತ್ತು. ಈ ಫೆಬ್ರುವರಿ 4ರಂದು ಸ್ಯಾಂಗಮನ್ ಕೌಂಟಿಯ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು. ಮೊಕದ್ದಮೆ ಸರ್ಕಾರಿ ಶಾಲೆಗಳ ಪೋಷಕರದಾಗಿದ್ದರೂ ಅದರ ಬಿಸಿ ನಮ್ಮ ಕ್ಯಾಥೊಲಿಕ್ ಶಾಲೆಗೂ ತಟ್ಟಿತು, ಎರಡು ವಾರದೊಳಗೆ ನಮ್ಮಲ್ಲಿಯೂ ಮಾಸ್ಕ್ ಐಚ್ಛಿಕವಾಯಿತು.

ಅದಕ್ಕೆ ಮೊದಲು ಚರ್ಚಿನ ಸಭಾಂಗಣದಲ್ಲಿ ಪೋಷಕರ ಸಭೆ ನಡೆದಿತ್ತು. ಎರಡೂ ಕಡೆಯವರು ಧರ್ಮಸಭೆಯ ಮಾತನ್ನೇ ಆಧಾರವಾಗಿ ಹಿಡಿದು ವಾದಿಸಿದ್ದು ನನಗೆ ಇಂದಿಗೂ ಮರೆಯದು. ಮಾಸ್ಕ್ ಬೇಡವೆಂದವರು, ಮಕ್ಕಳಿಗೆ ತಂದೆತಾಯಿಯೇ ಮೊದಲ ಶಿಕ್ಷಕರು ಎಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ (ಜಗತ್ತಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರೆಲ್ಲ ಸೇರಿದ ಸಭೆ) ಹೇಳಿದೆ, ಹಾಗಿರುವಾಗ ಮಗುವಿನ ಮುಖದ ವಿಷಯವನ್ನು ಶಾಲೆ ಹೇಗೆ ತೀರ್ಮಾನಿಸುತ್ತದೆ ಎಂದು ಕೇಳಿದರು. ಬೇಕೆಂದವರು, ನೆರೆಯವರ ಹಿತಕ್ಕಾಗಿ ಸ್ವಲ್ಪ ಕಷ್ಟ ಸಹಿಸುವುದೇ ಕ್ರೈಸ್ತ ನಡತೆ, ಲಸಿಕೆ ಹಾಕಿಸಿಕೊಳ್ಳುವುದು ಪ್ರೀತಿಯ ಕಾರ್ಯ ಎಂದು ಪೋಪ್ ಫ್ರಾನ್ಸಿಸ್ ಅವರೇ ಕಳೆದ ಆಗಸ್ಟಿನಲ್ಲಿ ಹೇಳಿಲ್ಲವೇ ಎಂದರು. ಎರಡು ಗಂಟೆ ಹೀಗೆಯೇ ಕಳೆಯಿತು. ಭಾನುವಾರದ ಪೂಜೆಯಲ್ಲಿ ಪಕ್ಕಪಕ್ಕ ಕೂರುವ ಎರಡು ಕುಟುಂಬಗಳು ಆ ರಾತ್ರಿಯಿಂದ ಮಾತು ಬಿಟ್ಟವು. ನಾನು ಮಂಗಳೂರಿನ ಕ್ಯಾಥೊಲಿಕ್ ಮನೆತನದವಳು, ಅಂಥ ಸಭಾಂಗಣಗಳಲ್ಲಿಯೇ ಬೆಳೆದವಳು. ಆ ಸಂಜೆ ಮನೆಗೆ ಬಂದು ತುಂಬಾ ಅತ್ತೆ.

ಸಭೆಯಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಸರ್ಕಾರಿ ಶಾಲೆಗೆ ಜನ ಆರಿಸಿದ ಮಂಡಳಿ ಇರುತ್ತದೆ, ಅಲ್ಲಿ ಕೂಗಿದರೆ ಮತದ ಲೆಕ್ಕವಾದರೂ ಬದಲಾಗಬಹುದು. ನಮ್ಮ ಶಾಲೆಗಳಲ್ಲಿ ಅಂಥ ಮಂಡಳಿಯಿಲ್ಲ. ನೀತಿಯನ್ನು ಧರ್ಮಾಧ್ಯಕ್ಷರು (ಬಿಷಪ್) ಮತ್ತು ಅವರ ಆಡಳಿತದ ಪ್ರದೇಶವಾದ ಧರ್ಮಪ್ರಾಂತ್ಯದ ಶಿಕ್ಷಣ ಕಚೇರಿಯವರು ನಿರ್ಧರಿಸುತ್ತಾರೆ. ಆದರೆ ನಿಮ್ಮ ಮಗು ಯಾವ ಕುರ್ಚಿಯಲ್ಲಿ ಕೂರುತ್ತದೆ, ಊಟ ಎಲ್ಲಿ ಮಾಡುತ್ತದೆ, ಕಿಟಕಿ ತೆರೆದಿರುತ್ತದೆಯೇ ಎಂಬುದೆಲ್ಲ ಪ್ರಾಂಶುಪಾಲರ ಮತ್ತು ತರಗತಿಯ ಶಿಕ್ಷಕಿಯ ಕೈಯಲ್ಲಿರುತ್ತದೆ. ನಾನು ಧರ್ಮಪ್ರಾಂತ್ಯಕ್ಕೆ ಮೂರು ಉದ್ದದ ಪತ್ರ ಬರೆದು ಕಾಯುತ್ತಾ ಕೂತೆ, ಫಲ ಸಿಗಲಿಲ್ಲ. ಶಿಕ್ಷಕಿಗೆ ನಾಲ್ಕು ಸಾಲು ಬರೆದಿದ್ದರೆ ಮೊದಲ ವಾರದಲ್ಲಿ ಮಗ ಪಟ್ಟ ನೋವು ತಪ್ಪುತ್ತಿತ್ತು.

ಆ ನೋವು ಊಟದ ಹೊತ್ತಿನದು. ಅವನ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು, ಮಾಸ್ಕ್ ಹಾಕಿದ್ದವರು ಐವರು. ಆ ಐವರನ್ನು ಸಹಾಯಕರೊಬ್ಬರು, ಒಳ್ಳೆಯ ಉದ್ದೇಶದಿಂದಲೇ, ಗೋಡೆಯ ಕಡೆಯ ಬೇರೆ ಮೇಜಿನಲ್ಲಿ ಕೂರಿಸಿದರು. ಸಂಜೆ ಊಟದ ಡಬ್ಬಿ ತೆರೆದು ನೋಡಿದರೆ ಚಿತ್ರಾನ್ನ ಹಾಗೆಯೇ ಇತ್ತು. ಕೇಳಿದ್ದಕ್ಕೆ, "ತಪ್ಪು ಮಾಡಿದವರ ಮೇಜಿನಲ್ಲಿ ಕೂರಿಸಿದ್ದರು" ಎಂದ. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ, ಏಳು ವರ್ಷದ ಮಗು ತಾನೇ ಹಾಗೆ ಅರ್ಥ ಮಾಡಿಕೊಂಡಿತ್ತು. ಮರುದಿನ ಬೆಳಿಗ್ಗೆ ಹೋಗಿ ಮಾತಾಡಿದೆ, ಮಧ್ಯಾಹ್ನಕ್ಕೆ ಆ ಮೇಜು ಇರಲಿಲ್ಲ. ಆದ್ದರಿಂದ ನೀವು ಸೋಮವಾರಕ್ಕೆ ಕಾಯಬೇಡಿ. ನಾಳೆ ಶುಕ್ರವಾರವೇ ಹೋಗಿ, ಮಾಸ್ಕ್ ಹಾಕಿದ ಮಕ್ಕಳನ್ನು ಎಲ್ಲಿಯೂ ಬೇರೆ ಕೂರಿಸುವುದಿಲ್ಲ ಎಂಬ ಮಾತನ್ನು ಶಿಕ್ಷಕಿಯಿಂದ ಪಡೆಯಿರಿ.

ಉತ್ತರ: ಹ್ಯೂಸ್ಟನ್ ಬಳಿಯಿಂದ ಒಬ್ಬ ಶಿಕ್ಷಕಿ

ನಾನು ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತೇನೆ, ಆದ್ದರಿಂದ ಮೇಜಿನ ಈಚೆಯಿಂದ ಕಂಡದ್ದನ್ನು ಬರೆಯುತ್ತೇನೆ. ಟೆಕ್ಸಸ್‌ನಲ್ಲಿ ಗವರ್ನರ್ ಅಬಟ್ ಅವರು 2021ರ ಮೇ ತಿಂಗಳಲ್ಲಿ ಸರ್ಕಾರಿ ಶಾಲೆಗಳು ಮಾಸ್ಕ್ ಕಡ್ಡಾಯ ಮಾಡಬಾರದು ಎಂದು ಆದೇಶಿಸಿದರು. ಖಾಸಗಿ ಶಾಲೆಗಳಿಗೆ ಆ ನಿಷೇಧ ಇರಲಿಲ್ಲ. ಹಾಗಾಗಿ ಇಲ್ಲಿ ನಿಮ್ಮ ಕಡೆಗೆ ಪೂರ್ತಿ ತದ್ವಿರುದ್ಧವಾದ ಪರಿಸ್ಥಿತಿ ಹುಟ್ಟಿತು: ಕಡ್ಡಾಯ ಮಾಡುವ ಸ್ವಾತಂತ್ರ್ಯ ನಮಗಿತ್ತು, ಸರ್ಕಾರಿ ಶಾಲೆಗಿರಲಿಲ್ಲ. ನಮ್ಮ ಶಾಲೆ ಐಚ್ಛಿಕವನ್ನೇ ಆರಿಸಿಕೊಂಡಿತು. ಡೆಲ್ಟಾ ಅಲೆ ಏರುತ್ತಿದ್ದ, ನನ್ನ ತರಗತಿಯ ಮಕ್ಕಳಿಗೆ ಲಸಿಕೆ ಇನ್ನೂ ಬಾರದಿದ್ದ ಆಗಸ್ಟ್ ತಿಂಗಳದು. (5ರಿಂದ 11 ವರ್ಷದವರಿಗೆ ಲಸಿಕೆ ಸಿಕ್ಕಿದ್ದು ನವೆಂಬರಿನಲ್ಲಿ.) ಆ ತೀರ್ಮಾನ ತಪ್ಪೆಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಇಂದಿನ ಸ್ಥಿತಿ ಬೇರೆ. ಫೆಬ್ರುವರಿ 25ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯೇ ತನ್ನ ಸಲಹೆಯನ್ನು ಬದಲಿಸಿ, ಸಮುದಾಯದಲ್ಲಿ ಅಪಾಯದ ಮಟ್ಟ ಹೆಚ್ಚಿರುವ ಕೌಂಟಿಗಳಲ್ಲಿ ಮಾತ್ರ ಎಲ್ಲರೂ ಒಳಾಂಗಣದಲ್ಲಿ ಮಾಸ್ಕ್ ಧರಿಸಲಿ ಎಂದಿದೆ.

ಆ ಆಗಸ್ಟಿನ ಮೊದಲ ದಿನ ನಾನು ಮಕ್ಕಳಿಗೆ ಒಂದೇ ನಿಯಮ ಹೇಳಿದೆ. "ಕನ್ನಡಕ ಹಾಕಿಕೊಂಡವರನ್ನು ಯಾಕೆ ಹಾಕಿಕೊಂಡೆ ಎಂದು ನಾವು ಕೇಳುವುದಿಲ್ಲ, ಮಾಸ್ಕ್ ಹಾಕಿಕೊಂಡವರನ್ನೂ ಕೇಳುವುದಿಲ್ಲ, ತೆಗೆದವರನ್ನೂ ಕೇಳುವುದಿಲ್ಲ." ನಂಬಿ, ಒಂದು ವಾರಕ್ಕೆ ಮಕ್ಕಳು ಅದನ್ನು ಮರೆತೇಬಿಟ್ಟರು. ಮರೆಯದವರು ಕಾರಿನ ಸಾಲಿನಲ್ಲಿ ಕಾಯುವ ಪೋಷಕರು. ಮಗು ಕಾರಿನಿಂದ ಇಳಿಯುವಾಗ, "ಆ ಹುಡುಗಿ ಇನ್ನೂ ಹಾಕಿಕೊಂಡಿದ್ದಾಳಾ ನೋಡು" ಎಂದು ತಾಯಿ ಹೇಳಿದ ಮಾತು ಹತ್ತು ನಿಮಿಷದಲ್ಲಿ ನನ್ನ ತರಗತಿಯಲ್ಲಿ ಇರುತ್ತದೆ.

ನಿಮ್ಮ ಮಗಳು ಎರಡನೇ ತರಗತಿ ಎಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಶಾಲೆಗಳಲ್ಲಿ ಕ್ಯಾಥೊಲಿಕ್ ಮಕ್ಕಳು ಪ್ರಥಮ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಬಾರಿಗೆ) ಸ್ವೀಕರಿಸುವುದು ಸಾಮಾನ್ಯವಾಗಿ ಎರಡನೇ ತರಗತಿಯಲ್ಲಿ, ಈಸ್ಟರ್ ಆದ ಮೇಲಿನ ವಾರಗಳಲ್ಲಿ. ತಪಸ್ಸುಕಾಲದಿಂದಲೇ ಹಾಡಿನ ಅಭ್ಯಾಸ ಶುರುವಾಗುತ್ತದೆ, ಪರಮಪ್ರಸಾದ ಪಡೆಯದ ಮಕ್ಕಳೂ ಗಾಯನದಲ್ಲಿ ಸೇರಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಗಟ್ಟಿಯಾಗಿ ಹಾಡುವಾಗ ಸೋಂಕು ಹರಡುವ ಸಂಭವ ಹೆಚ್ಚು. ನಾನು ಹಾಡಿನ ಅಭ್ಯಾಸವನ್ನು ಅಂಗಳಕ್ಕೆ ಒಯ್ದೆ, ಪೂಜೆಯಲ್ಲಿ ಮನೆಯಲ್ಲಿ ಹಿರಿಯರಿರುವ ಮಕ್ಕಳಿಗೆ ಬಾಗಿಲ ಬಳಿಯ ಸಾಲಿನ ತುದಿಯ ಜಾಗ ಕೊಟ್ಟೆ. ಇದನ್ನು ಯಾವ ಸುತ್ತೋಲೆಯೂ ನನಗೆ ಹೇಳಿಕೊಡಲಿಲ್ಲ, ಒಬ್ಬ ತಂದೆ ಬಂದು ಸಂಕೋಚದಿಂದ ಕೇಳಿದ್ದರು. ನೀವೂ ಕೇಳಿ. ಕೇಳುವ ಪೋಷಕರನ್ನು ಶಿಕ್ಷಕಿಯರು ಕಿರಿಕಿರಿಯೆಂದು ತಿಳಿಯುವುದಿಲ್ಲ.

ಉತ್ತರ: ಮಿಶಿಗನ್‌ನಿಂದ ಒಬ್ಬ ತಂದೆ

ಸಹೋದರಿ, ನಾನು ಇನ್ನೊಂದು ಕಡೆಯವನು. ದಯವಿಟ್ಟು ತಾಳ್ಮೆಯಿಂದ ಓದಿ. ನನ್ನ ಮಗನಿಗೆ ಎರಡೂ ಕಿವಿಗೆ ಶ್ರವಣಯಂತ್ರವಿದೆ. ಅವನು ಅರ್ಧ ಮಾತನ್ನು ಕಿವಿಯಿಂದ, ಅರ್ಧವನ್ನು ತುಟಿಯಿಂದ ಓದುತ್ತಾನೆ. ಮಾಸ್ಕಿನ ದಾರ ಯಂತ್ರಕ್ಕೆ ಸಿಕ್ಕಿ ಎರಡು ಬಾರಿ ಯಂತ್ರ ನೆಲಕ್ಕೆ ಬಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮುಖವೇ ಕಾಣದ ಇಂಗ್ಲಿಷು; ಒಂದನೇ ತರಗತಿಯ ಪೂರ್ತಿ ವರ್ಷ ಅವನು ತರಗತಿಯಲ್ಲಿ ಮೌನಿಯಾಗಿ ಕೂತಿದ್ದ. ಶಿಕ್ಷಕಿಯ ತುಟಿ ಮತ್ತೆ ಕಂಡ ದಿನ ಮನೆಗೆ ಬಂದು ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಕಡ್ಡಾಯ ನಿಯಮ ಹೋಗಲಿ ಎಂದು ಬೇಡಿದವರೆಲ್ಲ ಸ್ವಾರ್ಥಿಗಳಲ್ಲ ಎಂದು ನಿಮಗೆ ತಿಳಿದಿರಲಿ ಎಂದಷ್ಟೇ ಇದನ್ನು ಹೇಳಿದೆ.

ಆದರೆ ವಾದವನ್ನು ಅತಿಗೆ ಒಯ್ದವರೂ ನಮ್ಮ ಕಡೆ ಇದ್ದರು. ಲ್ಯಾನ್ಸಿಂಗ್‌ನ ರಿಸರೆಕ್ಷನ್ ಶಾಲೆ ಮತ್ತು ಅದರ ಕೆಲವು ಪೋಷಕರು 2020ರಲ್ಲಿ ರಾಜ್ಯದ ಮಾಸ್ಕ್ ಆದೇಶದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಮನುಷ್ಯ ದೇವರ ಪ್ರತಿರೂಪ, ಮುಖ ಮುಚ್ಚುವುದು ಆ ಪ್ರತಿರೂಪವನ್ನು ಮರೆಮಾಡಿದಂತೆ ಎಂಬುದು ಅವರ ವಾದಗಳಲ್ಲಿ ಒಂದು. ಆದೇಶ ಧರ್ಮವನ್ನು ಗುರಿಯಾಗಿಸದೆ ಎಲ್ಲ ಶಾಲೆಗಳಿಗೂ ಒಂದೇ ರೀತಿ ಅನ್ವಯಿಸುತ್ತದೆ ಎಂದು ಕಳೆದ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೀಠ ಅದನ್ನು ಒಪ್ಪಲಿಲ್ಲ, ಆಮೇಲೆ ಪ್ರಕರಣ ಪೂರ್ಣಪೀಠದ ಮುಂದೆ ಹೋಯಿತು. ನನಗೆ ಬೇಕಾಗಿದ್ದದ್ದು ಇಷ್ಟೇ: ನನ್ನ ಮಗನ ಶಿಕ್ಷಕಿಯ ಬಾಯಿ ಕಾಣಲಿ. ಅದಕ್ಕೆ ದೇವರ ಪ್ರತಿರೂಪದವರೆಗೆ ಹೋಗಬೇಕಾಗಿರಲಿಲ್ಲ, ಪಾರದರ್ಶಕ ಮಾಸ್ಕ್ ಕೊಡಿ ಎಂದು ಮೊದಲ ತಿಂಗಳೇ ಶಾಲೆಯನ್ನು ಕೇಳಬೇಕಿತ್ತು. ನಾನು ಬೇರೆಯವರ ದೊಡ್ಡ ಹೋರಾಟದ ಹಿಂದೆ ನಿಂತು ಒಂದು ವರ್ಷ ಕಳೆದೆ.

ನಿಮ್ಮ ಮಗಳ ಪಕ್ಕ ನನ್ನ ಮಗನಿದ್ದಿದ್ದರೆ ಏನಾಗುತ್ತಿತ್ತು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಅವಳು ಮಾಸ್ಕ್ ಹಾಕಿಕೊಂಡು ಅವನ ಜೊತೆ ಬರೆದು ಮಾತಾಡಬಹುದು. ಮಕ್ಕಳು ಅಷ್ಟನ್ನು ಮಾಡಬಲ್ಲರು. ತರಗತಿಯಲ್ಲಿ ಯಾರ ಮನೆಯಲ್ಲಿ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ. ನಿಮ್ಮ ಮಾವನವರಂಥ ಒಬ್ಬರು ನಮ್ಮ ಮಗನ ಗೆಳೆಯನ ಮನೆಯಲ್ಲಿಯೂ ಇದ್ದರು ಎಂಬುದು ನಮ್ಮ ಶಾಲೆಯ ಪೋಷಕರ ಸಭೆಯ ಜಗಳವೆಲ್ಲ ಮುಗಿದ ಮೇಲೆ ತಿಳಿಯಿತು. ಆಮೇಲೆ ನಾವು ಆಟದ ಭೇಟಿಗಳನ್ನು ಅವರ ಮನೆಯ ಹಿತ್ತಿಲಿಗೆ ಬದಲಿಸಿದೆವು.

ಉತ್ತರ: ಕ್ವೀನ್ಸ್, ನ್ಯೂಯಾರ್ಕ್‌ನಿಂದ ಒಬ್ಬ ನರ್ಸ್

ಮಾಸ್ಕಿನ ಬಗ್ಗೆ ಎರಡು ಮಾತು. ಎಲ್ಲರೂ ಹಾಕಿಕೊಂಡಿದ್ದಾಗ ಬಟ್ಟೆಯ ಮಾಸ್ಕ್ ನಡೆಯಿತು, ಒಬ್ಬಳೇ ಹಾಕಿಕೊಳ್ಳುವಾಗ ಅದು ಸಾಲದು. ಮಕ್ಕಳ ಅಳತೆಯ ಕೆಎಫ್94 ಅಥವಾ ಕೆಎನ್95, ಅಂದರೆ ಗಾಳಿಯನ್ನು ಚೆನ್ನಾಗಿ ಸೋಸುವ ಮಾಸ್ಕ್, ತನ್ನಿ. ಮೂಗಿನ ಮೇಲಿನ ತಂತಿಯನ್ನು ಒತ್ತಿ, ಕೆನ್ನೆಯ ಬದಿಯಲ್ಲಿ ಸಂದು ಉಳಿಯದ ಹಾಗೆ ಕೂರಿಸುವುದನ್ನು ಅವಳೇ ಕನ್ನಡಿಯ ಮುಂದೆ ಕಲಿಯಲಿ. ಊಟಕ್ಕೆ ತೆಗೆದಿಡಲು ಒಂದು ಕಾಗದದ ಚೀಲ, ಒದ್ದೆಯಾದರೆ ಬದಲಿಸಲು ಇನ್ನೊಂದು ಮಾಸ್ಕ್ ಬ್ಯಾಗಿನಲ್ಲಿರಲಿ. ಮಗುವಿನ ಮಾಸ್ಕ್ ಒಂದರ ಮೇಲೆಯೇ ಮಾವನವರ ಕ್ಷೇಮದ ಭಾರ ಹೊರಿಸಬೇಡಿ. ಅವರ ಮೂರನೆಯ ಡೋಸ್ ಬಗ್ಗೆ ವೈದ್ಯರನ್ನು ಕೇಳಿ, ಅವರ ಕೋಣೆಗೆ ಗಾಳಿ ಶುದ್ಧಿಯಂತ್ರ ಹಾಕಿ, ಅವಳಿಗೆ ನೆಗಡಿಯಾದ ದಿನ ಅವಳ ಹಾಸಿಗೆ ಬೇರೆ ಕಡೆಯಿರಲಿ. "ನೀನು ಮಾಸ್ಕ್ ತೆಗೆದರೆ ತಾತನಿಗೆ ಏನಾದರೂ ಆಗುತ್ತದೆ" ಎಂದು ಮಾತ್ರ ಎಂದೂ ಅವಳಿಗೆ ಹೇಳಬೇಡಿ. ಆ ಮಾತು ಕೇಳಿಸಿಕೊಂಡ, ಆಮೇಲೆ ಅಜ್ಜಿಯನ್ನು ಕಳೆದುಕೊಂಡ ಮಗುವೊಂದನ್ನು ನಾನು ಆಸ್ಪತ್ರೆಯ ಓಣಿಯಲ್ಲಿ ನೋಡಿದ್ದೇನೆ.

ಪ್ರಶ್ನೆ ಕೇಳಿದವರಿಂದ: ಮಾರ್ಚ್ 12

ಅಕ್ಕ, ನೀವು ಹೇಳಿದಂತೆ ಶುಕ್ರವಾರವೇ ಶಿಕ್ಷಕಿಯನ್ನು ಕಂಡೆ. ಪ್ರತ್ಯೇಕ ಮೇಜು ಇರುವುದಿಲ್ಲ ಎಂದು ಮಾತು ಕೊಟ್ಟರು, ಕಿಟಕಿಯ ಬದಿಯ ಜಾಗವನ್ನೂ ಕೊಟ್ಟರು. ಕನ್ನಡಕದ ಮಾತನ್ನು ಅವರಿಗೆ ಹೇಳಿದೆ, ಬರೆದಿಟ್ಟುಕೊಂಡರು. ನರ್ಸ್ ಮೇಡಂ, ನೀವು ಹೇಳಬೇಡಿ ಎಂದ ಮಾತನ್ನು ನಾನು ಅದಾಗಲೇ ಒಮ್ಮೆ ಹೇಳಿಬಿಟ್ಟಿದ್ದೆ. ಭಾನುವಾರ ರಾತ್ರಿ ಮಾವನವರೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ತಾತನನ್ನು ನೋಡಿಕೊಳ್ಳುವ ಕೆಲಸ ದೊಡ್ಡವರದ್ದು ಪುಟ್ಟಿ, ನೀನು ಹಾಕಿಕೊಂಡರೆ ನನಗೆ ಖುಷಿ, ಆಟದ ಬಯಲಿನಲ್ಲಿ ತೆಗೆದುಬಿಡು" ಎಂದರು.

ಈ ವಾರ ತರಗತಿಯಲ್ಲಿ ಎಂಟು ಮಕ್ಕಳು ಹಾಕಿಕೊಂಡಿದ್ದಾರೆ. ಗುರುವಾರ ಪಕ್ಕದ ಹುಡುಗಿ, ಅವಳು ಮಾಸ್ಕ್ ಹಾಕುವುದಿಲ್ಲ, ನಮ್ಮವಳ ಮಾಸ್ಕಿನ ಮೇಲೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದಾಳೆ. ಮಿಶಿಗನ್‌ನ ಸಹೋದರರೇ, ನಿಮ್ಮ ಮಗನ ಬಗ್ಗೆ ಮಗಳಿಗೆ ಹೇಳಿದೆ. ಅವನು ಕನ್ನಡ ಓದುತ್ತಾನೆಯೇ ಎಂದು ಕೇಳುತ್ತಿದ್ದಾಳೆ, ಅವನಿಗೆ ಪತ್ರ ಬರೆಯಬೇಕಂತೆ.